ದೇವಣ್ಣನ ಗಾಡಿಯ ಹಿಂದಿನ ಹೆಸರು

ಆ ದಿನಗಳಲ್ಲಿ ನಮಗೆಲ್ಲ ಎರಡು ಸಲ ನಾಮಕರಣ ಆಗುತ್ತಿತ್ತು. ಮೊದಲನೆಯದು ತೊಟ್ಟಿಲಲ್ಲಿ, ಎರಡನೆಯದು ಸೈಬರ್‌ನಲ್ಲಿ. ಎರಡು ಸಾವಿರದ ಆರು, ಏಳರ ಮಾತು. ಫೋಟೋ ಹಾಕಿ, ಗೆಳೆಯರನ್ನು ಸೇರಿಸಿಕೊಂಡು, ಒಬ್ಬರ ಪುಟದಲ್ಲಿ ಇನ್ನೊಬ್ಬರು ಬರೆಯುತ್ತಿದ್ದ ಆ ಸೈಟು ಈಗಿಲ್ಲ. ನಿಮ್ಮಲ್ಲಿ ಬಹಳ ಜನರಿಗೆ ಅದು ನೆನಪಿರಬಹುದು. ಅದರಲ್ಲಿ ನೀವು ಇಟ್ಟುಕೊಂಡಿದ್ದ ಹೆಸರೂ ನೆನಪಿರಬಹುದು, ನೆನೆದರೆ ಈಗ ನಾಚಿಕೆಯೂ ಆಗಬಹುದು. ನನ್ನ ಹೆಸರು ‘ಸಿಂಪ್ಲಿ ಸುಮಾ’. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ನಾಚಿಕೆ ಇರುವುದು ಅದನ್ನು ಪಡೆದ ರೀತಿಯ ಬಗ್ಗೆ.

ನಾವಿದ್ದದ್ದು ಹೆಗ್ಗನಹಳ್ಳಿಯ ಒಂದು ವಠಾರದಲ್ಲಿ. ಎಂಟು ಮನೆ, ಒಂದು ನಲ್ಲಿ. ಅಪ್ಪ ಲೇತ್ ಕೆಲಸಕ್ಕೆ ಹೋಗುತ್ತಿದ್ದರು. ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದಳು. ಊದುಬತ್ತಿ ಎಂದರೆ ಎಲ್ಲರಿಗೂ ಘಮ ನೆನಪಾಗುತ್ತದೆ. ಘಮ ಹಾಕುವುದು ಫ್ಯಾಕ್ಟರಿಯಲ್ಲಿ, ಕೊನೆಗೆ. ನಮ್ಮ ಮನೆಗೆ ಬರುತ್ತಿದ್ದುದು ಇದ್ದಿಲ ಪುಡಿ, ಅಂಟಿನ ಪುಡಿ, ಬಿದಿರು ಕಡ್ಡಿ. ಅದನ್ನು ಕಲಸಿ ಮಣೆಯ ಮೇಲೆ ಉಜ್ಜಿ ಉಜ್ಜಿ ಅಮ್ಮನ ಅಂಗೈ ಕಪ್ಪಾಗಿತ್ತು, ಮುದ್ದೆಗೂ ಅದೇ ವಾಸನೆ. ಸ್ಕೂಲಿಂದ ಬಂದ ಮೇಲೆ ನಾನೂ ಕೂತು ಹೊಸೆಯಬೇಕಿತ್ತು. ನಿಂಬೆಹಣ್ಣು ತಿಕ್ಕಿದರೂ ಕಲ್ಲಿಗೆ ಉಜ್ಜಿದರೂ ನನ್ನ ಉಗುರ ಸಂದಿಯ ಮಸಿ ಹೋಗುತ್ತಿರಲಿಲ್ಲ.

ಆದರೂ ಆ ವಠಾರದಲ್ಲಿ ನನಗೊಂದು ಸ್ಥಾನವಿತ್ತು. ಇಂಗ್ಲಿಷ್ ಮೀಡಿಯಂನಲ್ಲಿ ಓದುತ್ತಿದ್ದವಳು ನಾನೊಬ್ಬಳೇ. ಅಪ್ಪ ಹಟ ಹಿಡಿದು ನನ್ನನ್ನು ಬಸವೇಶ್ವರನಗರದ ಸ್ಕೂಲಿಗೆ ಹಾಕಿದ್ದರು. ಹಾಗಾಗಿ ಎಂಟು ಮನೆಯ ಕರೆಂಟ್ ಬಿಲ್ಲು, ಡಾಕ್ಟರ ಚೀಟಿ, ಗಾರ್ಮೆಂಟ್ಸ್‌ನವರು ಕೊಟ್ಟ ನೋಟೀಸು, ಎಲ್ಲವೂ ನಮ್ಮ ಬಾಗಿಲಿಗೇ ಬರುತ್ತಿದ್ದವು. ಬಂದವರು ಅಮ್ಮನನ್ನು ಕೇಳುತ್ತಿದ್ದರು, “ನಿಮ್ ಹುಡ್ಗಿ ಇದಾಳಾ?” ಅಮ್ಮ ಮಣೆಯಿಂದ ತಲೆ ಎತ್ತದೆ, “ಸುಮಾ, ಬಾರೇ, ಓದಿ ಹೇಳು,” ಎನ್ನುತ್ತಿದ್ದಳು. ಆ ಹೊತ್ತಿಗೆ ಅವಳ ಬೆನ್ನು ಒಂಚೂರು ನೆಟ್ಟಗಾಗುತ್ತಿದ್ದುದನ್ನು ನಾನು ನೋಡಿದ್ದೇನೆ. ನಾನು ಹೇಳಿದ್ದೇ ಅರ್ಥ. ಇನ್ನೊಬ್ಬರನ್ನು ಕೇಳಿ ಖಾತ್ರಿ ಮಾಡಿಕೊಳ್ಳುವ ಪದ್ಧತಿ ನಮ್ಮ ವಠಾರದಲ್ಲಿರಲಿಲ್ಲ.

ಸ್ಕೂಲಿನಲ್ಲಿ ಮಾತ್ರ ನನ್ನನ್ನು ಕೇಳುವವರಿರಲಿಲ್ಲ. ಅಲ್ಲಿ ನಡೆಯುತ್ತಿದ್ದುದು ಶ್ವೇತಾಳ ಮಾತು. ಸ್ವಂತ ಮನೆ, ಕಾರು ನಿಲ್ಲಿಸಲು ಜಾಗ, ವಾರಕ್ಕೊಂದು ಹೊಸ ಕ್ಲಿಪ್ಪು. ಅವಳು ನಕ್ಕರೆ ನಗುವುದಕ್ಕೆ ಇನ್ನಿಬ್ಬರು ಸದಾ ಜೊತೆಗಿರುತ್ತಿದ್ದರು. ಶನಿವಾರ ಅರ್ಧ ದಿನದ ಸ್ಕೂಲು ಮುಗಿದ ಮೇಲೆ ಅವರು ಸೈಬರ್‌ಗೆ ಹೋಗುತ್ತಿದ್ದರು, ಅಲ್ಲಿಂದ ಮಸಾಲೆಪುರಿ ಗಾಡಿಗೆ. ಆ ಗುಂಪಿಗೆ ಸೇರಬೇಕಾದರೆ ಆ ಸೈಟಿನಲ್ಲಿ ಹೆಸರಿರಬೇಕು. ಹೆಸರನ್ನು ನೀವೇ ಇಟ್ಟುಕೊಳ್ಳುವ ಹಾಗಿಲ್ಲ. ಅದು ಶ್ವೇತಾಳ ನಿಯಮ. ಗುಂಪು ಇಡಬೇಕು, ಇಟ್ಟ ಮೇಲೆ ಸ್ಕೂಲಿನಲ್ಲೂ ಅದೇ ಹೆಸರಿನಲ್ಲಿ ಕೂಗಬೇಕು. ಅವಳ ಹೆಸರು ‘ಏಂಜಲ್’ ಎಂದು ಶುರುವಾಗುತ್ತಿತ್ತು. ಹಿಂದಿನ ಬೆಂಚಿನ ದಪ್ಪ ಹುಡುಗಿಯೊಬ್ಬಳಿಗೆ ಅವರು ಇಟ್ಟ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವಳು ಆಮೇಲೆ ಸ್ಕೂಲನ್ನೇ ಬದಲಾಯಿಸಿದಳು.

ಒಂಬತ್ತನೇ ಕ್ಲಾಸು, ದಸರಾ ರಜೆಗೆ ಮುಂಚಿನ ವಾರ. ಊಟದ ಹೊತ್ತಿನಲ್ಲಿ ಶ್ವೇತಾ ನನ್ನ ಡಬ್ಬಿಯ ಹತ್ತಿರ ಬಂದು ಕೂತಳು. ಸಂತೋಷಕ್ಕೆ ನಾನು ಡಬ್ಬಿಯನ್ನೇ ಅವಳ ಕಡೆ ಸರಿಸಿದೆ.

“ನಿನ್ ಹೆಸ್ರು ರೆಡಿ ಇದೆ ಕಣೇ,” ಎಂದಳು. “ಶನಿವಾರ ಬಾ.”

ಹಾಗೆನ್ನುತ್ತಾ ನನ್ನ ಬೆರಳು ನೋಡಿದಳು. ಪಕ್ಕದವಳು ‘ಫಿಲ್ತಿ ಫಿಂಗರ್ಸ್’ ಎಂದು ಪಿಸುಗುಟ್ಟಿದಳು. ಮೂವರೂ ನಕ್ಕರು. ನಾನೂ ನಕ್ಕೆ, ಅರ್ಥ ಗೊತ್ತಿಲ್ಲದೆ. ಆಮೇಲೆ ಲೈಬ್ರರಿಗೆ ಹೋಗಿ ಡಿಕ್ಷನರಿ ತೆಗೆದೆ. ಕೊಳಕಾದ, ಹೊಲಸಾದ. ಅದರ ಕೆಳಗೆ ಇನ್ನೂ ಒಂದೆರಡು ಅರ್ಥ ಇದ್ದವು, ಅವು ಇನ್ನೂ ಕೆಟ್ಟವು. ಪುಸ್ತಕ ಮುಚ್ಚಿ ಕೈಯನ್ನು ಲಂಗದ ಜೇಬಿನಲ್ಲಿ ಇಟ್ಟುಕೊಂಡೆ. ಸಂಜೆಯವರೆಗೂ ಹೊರಗೆ ತೆಗೆಯಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಇನ್ನೂ ಒಂದೂವರೆ ವರ್ಷ ಆ ಹೆಸರಿನಲ್ಲಿ ಬದುಕಬೇಕು. ಬೇಡ ಎಂದರೆ ಗುಂಪಿಲ್ಲ, ಗುಂಪಿಲ್ಲದೆ ಉಳಿದವರ ಗತಿ ನೋಡಿದ್ದೆ. ಎರಡು ರಾತ್ರಿ ಯೋಚಿಸಿದೆ. ಶುಕ್ರವಾರ ಶ್ವೇತಾಳ ಹತ್ತಿರ ಹೋಗಿ ಹೇಳಿದೆ, ಆ ಹೆಸರು ನನಗಿಂತ ಚೆನ್ನಾಗಿ ಒಪ್ಪುವವಳೊಬ್ಬಳು ನಮ್ಮ ವಠಾರದಲ್ಲಿದ್ದಾಳೆ, ಕರಕೊಂಡು ಬರ್ತೀನಿ, ಮಜಾ ಇರುತ್ತೆ, ಅಂತ. ಶ್ವೇತಾ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದಳು.

ನಿಂಗಮ್ಮ ಯಾದಗಿರಿ ಕಡೆಯ ಹುಡುಗಿ. ಆರು ತಿಂಗಳ ಹಿಂದೆ ಅಪ್ಪ ಮಗಳು ನಮ್ಮ ಪಕ್ಕದ ಮನೆಗೆ ಬಂದಿದ್ದರು. ತಾಯಿ ಇರಲಿಲ್ಲ. ಅವಳ ಅಪ್ಪ ದೇವೇಂದ್ರಪ್ಪನನ್ನು ವಠಾರದವರೆಲ್ಲ ದೇವಣ್ಣ ಎನ್ನುತ್ತಿದ್ದರು. ಅವನದೊಂದು ಮೂರು ಚಕ್ರದ ಗೂಡ್ಸ್ ಆಟೋ. ರಾಜಾಜಿನಗರ, ಮಹಾಲಕ್ಷ್ಮಿ ಲೇಔಟ್ ಕಡೆ ಮನೆಮನೆಯಿಂದ ಹಳೇ ಪೇಪರು, ಖಾಲಿ ಸೀಸೆ, ತಗಡು ತುಂಬಿಕೊಂಡು ನಾಯಂಡಹಳ್ಳಿಯ ಗೋಡೌನಿಗೆ ಹಾಕುತ್ತಿದ್ದ. ನಿಂಗಮ್ಮ ಸರ್ಕಾರಿ ಶಾಲೆಯಲ್ಲಿ ಎಂಟನೇ ಕ್ಲಾಸು. ಸಂಜೆ ಬಂದು ಗಾಡಿಯಲ್ಲಿ ಕೂತು ಪೇಪರು ಬೇರೆ, ಪ್ಲಾಸ್ಟಿಕ್ಕು ಬೇರೆ ಮಾಡುತ್ತಿದ್ದಳು. ಲೆಕ್ಕದಲ್ಲಿ ಅವಳು ನನಗಿಂತ ಚುರುಕು. ಕುಂಟೆಬಿಲ್ಲೆಯಲ್ಲಿ ಒಂದು ಸಲವೂ ನಾನು ಅವಳನ್ನು ಸೋಲಿಸಿದ್ದಿಲ್ಲ. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ನಾನು ಬಿಸಾಡಿದ ನೋಟ್‌ಬುಕ್ಕಿನ ಇಂಗ್ಲಿಷ್ ಪಾಠಗಳನ್ನು ಇಟ್ಟುಕೊಂಡು ಓದುತ್ತಿದ್ದಳು.

ಕಂಪ್ಯೂಟರ್‌ನಲ್ಲಿ ಹೆಸರು ಹಾಕಿಸೋಣ ಬಾ ಎಂದಾಗ ಅವಳಿಗಿಂತ ಹೆಚ್ಚು ಹಿಗ್ಗಿದ್ದು ದೇವಣ್ಣ. ಅದಕ್ಕೆ ಕಾರಣವಿತ್ತು. ರೇಷನ್ ಕಾರ್ಡಿಗೆಂದು ಅವನು ಆಫೀಸಿಗೆ ಅಲೆಯುತ್ತಿದ್ದ. ಪ್ರತಿ ಸಲ ಕಿಟಕಿಯ ಒಳಗಿನವರು, ಕಂಪ್ಯೂಟರ್‌ನಲ್ಲಿ ನಿಮ್ಮ ಹೆಸರಿಲ್ಲ, ಎಂದು ವಾಪಸು ಕಳಿಸುತ್ತಿದ್ದರು. ಅವನ ಪಾಲಿಗೆ ಕಂಪ್ಯೂಟರ್ ಎಂದರೆ ಒಂದೇ, ಅದರಲ್ಲಿ ಹೆಸರಿದ್ದವರು ಊರಿನವರು, ಇಲ್ಲದವರು ಹೊರಗಿನವರು.

“ನಮ್ಮ ಹುಡಿಗಿ ಹೆಸರರ ಅದರಾಗ ಬರಲಿ ಯವ್ವಾ,” ಎಂದು ನನ್ನ ತಲೆಯ ಮೇಲೆ ಕೈಯಿಟ್ಟ.

ಶನಿವಾರ ನಿಂಗಮ್ಮ ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ಕನಕಾಂಬರ ಮುಡಿದು ಬಂದಳು. ಸೈಬರ್ ಎಂದರೆ ಒಂದು ಗ್ಯಾರೇಜಿನಷ್ಟು ಜಾಗ, ಪ್ಲೈವುಡ್ಡಿನ ಗೂಡುಗಳು, ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಬೆವರು ಮತ್ತು ಬಿಸಿ ಪ್ಲಾಸ್ಟಿಕ್ಕಿನ ವಾಸನೆ. ಒಂದು ಗೂಡಿಗೆ ನಾವು ಐದು ಜನ ತುಂಬಿಕೊಂಡೆವು. ಶ್ವೇತಾ ಎದ್ದು ನಿಂಗಮ್ಮನಿಗೆ ಕುರ್ಚಿ ಬಿಟ್ಟುಕೊಟ್ಟಳು. ನಿಂಗಮ್ಮ ಕೂರುವ ಮೊದಲು ಕೀಬೋರ್ಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಪುಸ್ತಕವನ್ನು ಒತ್ತಿಕೊಳ್ಳುವ ಹಾಗೆ. ಹಿಂದೆ ನಿಂತವರಲ್ಲಿ ಒಬ್ಬಳು ಅದನ್ನೇ ಮಾಡಿ ತೋರಿಸಿದಳು. ನಾನು ತುಟಿ ಕಚ್ಚಿಕೊಂಡು ನಗು ತಡೆದೆ.

ಬೆರಳು ಬಿಟ್ಟು ರಾಜಕುಮಾರಿ ಹಾಕೋಣ ಎಂದು ಶ್ವೇತಾ ತೀರ್ಮಾನಿಸಿದಳು. ‘ಫಿಲ್ತಿ ಪ್ರಿನ್ಸೆಸ್’. ಒತ್ತಿದಾಗ ಆ ಹೆಸರು ಆಗಲೇ ಯಾರದೋ ಆಗಿದೆ ಎಂದು ಕೆಂಪು ಸಾಲು ಬಂತು. ಹೀಗೊಂದು ಹೆಸರನ್ನು ಇನ್ನಾರೋ ಬೇಕೆಂದು ಇಟ್ಟುಕೊಂಡಿದ್ದಾರಲ್ಲ ಎಂದು ಅವರು ಇನ್ನಷ್ಟು ನಕ್ಕರು. ಕೊನೆಗೆ ನಮ್ಮ ಏರಿಯಾದ ಪಿನ್‌ಕೋಡಿನ ಎರಡಂಕಿ ಸೇರಿಸಿದ ಮೇಲೆ ಒಪ್ಪಿತು.

“ಪ್ರಿನ್ಸೆಸ್ ಅಂದ್ರ ರಾಜಕುಮಾರಿ, ಗೊತ್ತದ,” ಎಂದಳು ನಿಂಗಮ್ಮ. “ಫಿಲ್ತಿ ಅಂದ್ರ ಏನಕ್ಕಾ?”

ಶ್ವೇತಾ ನನ್ನ ಕಡೆ ತಿರುಗಿದಳು. ಅದು ನನ್ನ ಪರೀಕ್ಷೆ.

“ಹೊಳೆಯೋದು ಅಂತ ಕಣೇ,” ಎಂದೆ. “ಥಳಥಳ ಅಂತ ಹೊಳೆಯೋ ರಾಜಕುಮಾರಿ.”

ಅವಳು ತಿರುಗಿ ಪರದೆಯನ್ನು ನೋಡಿ ತನ್ನಷ್ಟಕ್ಕೆ ಒಮ್ಮೆ ಹೇಳಿಕೊಂಡಳು. ಅವತ್ತೇ, ಅದೇ ಕುರ್ಚಿಯಲ್ಲಿ, ನನಗೆ ‘ಸಿಂಪ್ಲಿ ಸುಮಾ’ ಸಿಕ್ಕಿತು. ಆಮೇಲೆ ಮಸಾಲೆಪುರಿ ತಿಂದೆವು. ನಿಂಗಮ್ಮನನ್ನು ಮನೆಗೆ ಕಳಿಸಿದ್ದೆವು. ಅಷ್ಟು ರುಚಿಯಾದ ಮಸಾಲೆಪುರಿ ನಾನು ಮತ್ತೆ ತಿಂದಿಲ್ಲ ಎಂದರೆ ಸುಳ್ಳಲ್ಲ, ಬೇಕಾದರೆ ಬೈಯಿರಿ.

ಅಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆಯುಧಪೂಜೆಗೆ ನಮ್ಮ ಕಡೆ ಗಾಡಿಗಳಿಗೆ ಹೊಸದಾಗಿ ಹೆಸರು ಬರೆಸುತ್ತಾರೆ. ಆಟೋದವರು ಮಕ್ಕಳ ಹೆಸರನ್ನು ಹಿಂದೆ ರೇಡಿಯಂನಲ್ಲಿ ಅಂಟಿಸುತ್ತಾರೆ, ಲೈಟು ಬಿದ್ದರೆ ಹೊಳೆಯುವ ಸ್ಟಿಕ್ಕರು ಅದು. ಪೂಜೆಗೆ ನಾಲ್ಕು ದಿನ ಇರುವಾಗ ದೇವಣ್ಣ ಒಂದು ಬಿಳಿ ಹಾಳೆ ಹಿಡಿದು ನಮ್ಮ ಮನೆಗೆ ಬಂದ. ಮಗಳ ಕಂಪ್ಯೂಟರ್ ಹೆಸರನ್ನು ದೊಡ್ಡಕ್ಷರದಲ್ಲಿ ಬರೆದುಕೊಡು, ರೇಡಿಯಂ ಅಂಗಡಿಯವನಿಗೆ ತೋರಿಸಬೇಕು, ಎಂದ. ಅಮ್ಮ ಮಣೆಯ ಮುಂದೆ ಕೂತಿದ್ದಳು. ಏನು ಹೆಸರು ಅದು, ಎಂದು ಕೇಳಿದಳು. ನಾನು ಹೇಳುವ ಮೊದಲೇ ದೇವಣ್ಣ ಹೇಳಿ, ಹಾಳೆ ಕೊಟ್ಟು ಗಾಡಿಯ ಕಡೆ ಹೋದ. ಹಾಗಂದ್ರೇನೇ, ಎಂದು ಅಮ್ಮ ನನ್ನನ್ನು ಕೇಳಿದಳು. ಹೊಳೆಯೋ ರಾಜಕುಮಾರಿ ಎಂದೆ.

ಆ ಹಾಳೆಯ ಮೇಲೆ ನಾನು ಏನು ಬೇಕಾದರೂ ಬರೆಯಬಹುದಿತ್ತು. ‘ನಿಂಗಮ್ಮ’ ಎಂದೇ ಬರೆಯಬಹುದಿತ್ತು. ಬರೆದದ್ದು ಸರಿಯಿದೆಯೋ ಇಲ್ಲವೋ ನೋಡುವ ಕಣ್ಣು ಆ ಮನೆಯಲ್ಲಿ ನನ್ನದು ಬಿಟ್ಟರೆ ಇರಲಿಲ್ಲ. ಭಯದಿಂದ ಹಾಗೆ ಬರೆದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಭಯವಿತ್ತು, ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಅದು ಗಾಡಿಯ ಮೇಲೆ ಬಂದರೆ ಹೇಗಿರುತ್ತದೆ ಎಂದು ನೋಡುವ ಆಸೆಯಿತ್ತು. ಶ್ವೇತಾಳಿಗೆ ತೋರಿಸುವ ಆಸೆಯೂ ಇತ್ತು. ಸ್ಕೇಲು ಇಟ್ಟು ಗೆರೆ ಎಳೆದು, ಒಂದೊಂದೇ ಅಕ್ಷರವನ್ನು ಅಚ್ಚುಕಟ್ಟಾಗಿ ಬರೆದುಕೊಟ್ಟೆ.

ರೇಡಿಯಂ ಅಂಗಡಿಯವನು, ಇದನ್ನೇ ಅಂಟಿಸಬೇಕಾ ಯಜಮಾನ್ರೇ, ಎಂದು ಎರಡು ಸಲ ಕೇಳಿದನಂತೆ. ಓದಿದ ಹುಡುಗಿ ತನ್ನ ಕೈಯಾರೆ ಬರೆದುಕೊಟ್ಟಿದ್ದು, ಇದೇ ಬೇಕು, ಎಂದನಂತೆ ದೇವಣ್ಣ.

ಹಬ್ಬದ ದಿನ ಬೆಳಿಗ್ಗೆ ವಠಾರದ ಮುಂದೆ ಗಾಡಿಗಳು ಸಾಲಾಗಿ ನಿಂತಿದ್ದವು. ಆಟೋಗಳು, ಅಪ್ಪನ ಸೈಕಲ್ಲು, ಒಂದು ಹಳೇ ಸ್ಕೂಟರು, ಬಾಳೆಕಂದು, ಚೆಂಡುಹೂವು, ಕುಂಕುಮ ತುಂಬಿದ ಬೂದುಗುಂಬಳ, ಚಕ್ರದ ಕೆಳಗೆ ನಿಂಬೆಹಣ್ಣು. ದೇವಣ್ಣ ಗಾಡಿಯ ಹಿಂಭಾಗಕ್ಕೆ ನ್ಯೂಸ್‌ಪೇಪರ್ ಅಂಟಿಸಿ ಮುಚ್ಚಿದ್ದ. ಮಂಗಳಾರತಿಯಾದ ಮೇಲೆ ನಿಂಗಮ್ಮನ ಕೈಯಲ್ಲಿ ಅದನ್ನು ತೆಗೆಸಿದ. ಹಳದಿ ಅಕ್ಷರ, ಸುತ್ತ ಕೆಂಪು ಅಂಚು, ಎರಡೂ ತುದಿಗೆ ಒಂದೊಂದು ಗುಲಾಬಿ. ಎಲ್ಲರೂ ಚಪ್ಪಾಳೆ ಹೊಡೆದರು. ಕಡ್ಲೆಪುರಿ ಹಂಚಿದರು. ನಿಂಗಮ್ಮ ನನಗೆ ಎರಡು ಕೈ ತುಂಬ ಹಾಕಿದಳು.

ಅಲ್ಲಿಂದ ಹದಿನೈದು ದಿನ ಆ ಗಾಡಿ ಊರು ಸುತ್ತಿತು. ಮಾಗಡಿ ರೋಡು, ರಾಜಾಜಿನಗರ, ನಾಯಂಡಹಳ್ಳಿ. ಕಾಲೇಜು ಹುಡುಗರು ಬೈಕಿನಲ್ಲಿ ಹಿಂದೆಯೇ ಬಂದು ಮೊಬೈಲಿನಲ್ಲಿ ಫೋಟೋ ತೆಗೆದರು ಎಂದು ದೇವಣ್ಣ ನಲ್ಲಿಯ ಹತ್ತಿರ ನಿಂತು ಹೇಳುತ್ತಿದ್ದ. ಸಿಗ್ನಲಿನಲ್ಲಿ ಕಾರಿನವರು ಗಾಜು ಇಳಿಸಿ ನೋಡಿ ನಗುತ್ತಾರಂತೆ. ಬೆಂಗಳೂರಿಗೆ ಬಂದು ಇಷ್ಟು ದಿನದಲ್ಲಿ ಜನ ಅವನ ಕಡೆ ನೋಡಿ ನಕ್ಕದ್ದು ಇದೇ ಮೊದಲು. ಒಂದು ದಿನ ಬಸವೇಶ್ವರನಗರದ ಬಸ್‌ಸ್ಟಾಪಿನಲ್ಲಿ ನಮ್ಮ ಗುಂಪಿನ ಮುಂದೆಯೇ ಗಾಡಿ ಹಾದುಹೋಯಿತು. ಶ್ವೇತಾ ಹೊಟ್ಟೆ ಹಿಡಿದುಕೊಂಡು ಫುಟ್‌ಪಾತಿನ ಮೇಲೆ ಕೂತುಬಿಟ್ಟಳು. ದೇವಣ್ಣ ನನ್ನನ್ನು ಕಂಡು ಹಾರ್ನ್ ಹೊಡೆದು ಕೈ ಬೀಸಿದ. ಯಾರೇ ಅವನು, ಎಂದಳು ಒಬ್ಬಳು. ಗೊತ್ತಿಲ್ಲ ಎಂದೆ.

ಕೊನೆಗೆ ಅವನಿಗೆ ನಿಜ ಹೇಳಿದ್ದು ಮಹಾಲಕ್ಷ್ಮಿ ಲೇಔಟಿನ ಒಬ್ಬ ವಯಸ್ಸಾದ ಹೆಂಗಸು. ಹಳೇ ಪೇಪರು ಹಾಕಲು ಗೇಟಿಗೆ ಬಂದವರು ಗಾಡಿಯ ಹಿಂಭಾಗ ನೋಡಿ, ಯಾರಪ್ಪ ಇದನ್ನ ಬರೆಸಿದ್ದು, ಎಂದು ಕೇಳಿದರಂತೆ. ಮಗಳ ಹೆಸರು ಎಂದನಂತೆ. ಅವರು ಮೆಲ್ಲಗೆ, ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳಿಯೇ, ಅರ್ಥ ಹೇಳಿದರಂತೆ.

ಅವತ್ತು ಅರ್ಧ ದಿನದ ಸ್ಕೂಲು, ನಾನು ಆಗತಾನೆ ಮನೆಗೆ ಬಂದಿದ್ದೆ. ದೇವಣ್ಣನೂ ಮಧ್ಯಾಹ್ನವೇ ಬಂದ. ಲೋಡು ಇಳಿಸಿರಲಿಲ್ಲ. ನಿಂಗಮ್ಮನ ಕೈ ಹಿಡಿದುಕೊಂಡು ನಮ್ಮ ಬಾಗಿಲಲ್ಲಿ ನಿಂತ. ಇನ್ನೊಂದು ಕೈಯಲ್ಲಿ ನಾನು ಬರೆದುಕೊಟ್ಟ ಅದೇ ಹಾಳೆ. ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದ. ಅಮ್ಮ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಅವನು ಕೂಗಾಡಲಿಲ್ಲ.

“ಯವ್ವಾ, ಇದರಾಗ ಏನ್ ಬರ್ದದ, ಒಂದೀಟು ಓದಿ ಹೇಳು,” ಎಂದ.

ನಾನು ಎರಡೂ ಕೈಯನ್ನು ಲಂಗದ ಜೇಬಿಗೆ ಹಾಕಿಕೊಂಡೆ.

“ಓದವ್ವ. ನೀನ ಬರ್ದದ್ದು.”

ಆಗ ನನಗೆ ಕಂಡದ್ದು ಎರಡೇ ದಾರಿ. ನಿಜ ಹೇಳಿದರೆ ವಠಾರದಲ್ಲಿ ನನ್ನ ಸ್ಥಾನ ಹೋಗುತ್ತದೆ, ಅಪ್ಪನಿಗೆ ಗೊತ್ತಾಗುತ್ತದೆ, ಸ್ಕೂಲು ಬಿಡಿಸಿದರೂ ಬಿಡಿಸಬಹುದು. ಇನ್ನೊಂದು ದಾರಿ ಅವನ ಕೈ ಹಿಡಿದು ನಿಂತಿತ್ತು.

“ನಾನು ಅರ್ಥ ಹೇಳಿದ್ದೆ ಮಾಮ,” ಎಂದೆ. “ಬೇಡ ಅಂತಾನೂ ಅಂದೆ. ಇಲ್ಲಿ ಯಾರಿಗೆ ಗೊತ್ತಾಗುತ್ತೆ, ಕೇಳೋಕೆ ಚೆನ್ನಾಗಿದೆ ಅಂತ ಅವಳೇ ಇಟ್ಕೊಂಡ್ಳು.”

ನಿಂಗಮ್ಮ ನನ್ನ ಮುಖ ನೋಡಿದಳು. ಸಿಟ್ಟಿನಿಂದಲ್ಲ. ಲೆಕ್ಕ ತಪ್ಪಿದಾಗ ಎಲ್ಲಿ ತಪ್ಪಿತು ಎಂದು ಹುಡುಕುತ್ತಾಳಲ್ಲ, ಆ ಥರ.

“ನಾ ಹಂಗ ಅಂದಿಲ್ಲಪ್ಪ,” ಎಂದಳು. “ಅಕ್ಕ ಹೊಳೆಯೂದು ಅಂತ ಹೇಳ್ಯಾಳ.”

ದೇವಣ್ಣ ಇಬ್ಬರನ್ನೂ ನೋಡಿದ. ನನ್ನ ಯೂನಿಫಾರ್ಮು, ಟೈ, ಗೂಡಿನಲ್ಲಿ ಜೋಡಿಸಿಟ್ಟ ನನ್ನ ಇಂಗ್ಲಿಷ್ ಪುಸ್ತಕಗಳು. ಆಮೇಲೆ ತನ್ನ ಮಗಳನ್ನು.

“ಇಷ್ಟು ಓದಿದಾಕಿ ಸುಳ್ಳು ಹೇಳ್ತಾಳೇನ?” ಎಂದವನೇ ಅವಳ ಕೆನ್ನೆಗೆ ಹೊಡೆದ. ಒಂದೇ ಏಟು. ಗೊತ್ತಿದ್ದೂ ಅಪ್ಪನನ್ನು ಹದಿನೈದು ದಿನ ಊರ ಮುಂದೆ ಮೆರೆಸಿದೆಯಲ್ಲ, ಎಂದ. ಅವನ ದನಿ ಒಡೆದದ್ದು ಆಗ. ನಾಳೆಯಿಂದ ಸಾಲಿ ಬ್ಯಾಡ, ಗಾಡಿ ಮ್ಯಾಲ ಬಾ, ಎಂದ.

ನಾನು ಅಮ್ಮನ ಕಡೆ ತಿರುಗಿದೆ. ಆ ಹೆಸರಿನ ಅರ್ಥ ಏನೆಂದು ಅವಳು ಕೇಳಿದ್ದಳು, ಹೊಳೆಯೋ ರಾಜಕುಮಾರಿ ಎಂದು ನಾನೇ ಹೇಳಿದ್ದೆ. ನಾವಿಬ್ಬರು ಹುಡುಗಿಯರನ್ನು ಬಿಟ್ಟರೆ ಆ ಬಾಗಿಲಲ್ಲಿ ಸತ್ಯ ಗೊತ್ತಿದ್ದವಳು ಅವಳೊಬ್ಬಳೇ. ಅವಳ ಕೈ ಮಣೆಯ ಮೇಲೆ ಹೋಗುತ್ತಿತ್ತು, ಬರುತ್ತಿತ್ತು. ಒಂದು ಕಡ್ಡಿ ಮುರಿಯಿತು. ಅವಳು ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದುಕೊಂಡಳು.

ದೇವಣ್ಣ ಆ ಸಂಜೆ ಬ್ಲೇಡು ಹಿಡಿದು ಸ್ಟಿಕ್ಕರು ಕೆರೆದ. ಹಳದಿ ಬಣ್ಣ ಹೋಯಿತು. ಅದರ ಅಂಟು ಹೋಗಲಿಲ್ಲ. ಅಂಟಿಗೆ ರಸ್ತೆಯ ಧೂಳು ಹಿಡಿದು ಎರಡು ಮೂರು ದಿನದಲ್ಲಿ ಅಕ್ಷರಗಳು ಮತ್ತೆ ಕಾಣಿಸಿಕೊಂಡವು, ಈ ಸಲ ಕಪ್ಪಗೆ. ಸೀಮೆಎಣ್ಣೆ ಹಾಕಿ ಉಜ್ಜಿದ, ಮೇಲೆ ಬಣ್ಣ ಬಳಿದ. ಬಿಸಿಲಿಗೆ ಅದರೊಳಗಿಂದಲೂ ಎದ್ದವು. ದೀಪಾವಳಿ ಮುಗಿದ ವಾರ ಅವರು ಮನೆ ಖಾಲಿ ಮಾಡಿದರು. ಪಾತ್ರೆ, ಚಾಪೆ, ಒಂದು ಟ್ರಂಕು. ನಿಂಗಮ್ಮ ಗಂಟುಗಳ ನಡುವೆ ಕೂತಿದ್ದಳು, ನನ್ನ ಕಡೆ ನೋಡಲಿಲ್ಲ. ಅವಳು ಓದುತ್ತಿದ್ದ ನನ್ನ ಹಳೇ ನೋಟ್‌ಬುಕ್ಕುಗಳು ನಮ್ಮ ಬಾಗಿಲ ಪಕ್ಕ ದಾರ ಕಟ್ಟಿ ಇಟ್ಟಿದ್ದವು. ಗಾಡಿ ಮಾಗಡಿ ರೋಡಿನ ಕಡೆ ತಿರುಗುವವರೆಗೂ ಅದರ ಹಿಂದೆ ಬರೆದದ್ದನ್ನು ನಾನು ಓದಬಹುದಿತ್ತು.

ನಾನು ಮುಂದೆಯೂ ಓದಿದೆ. ಹಗಲು ಅಂಗಡಿಯೊಂದರಲ್ಲಿ ಬಿಲ್ಲು ಹಾಕುತ್ತಾ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದೆ. ನಮ್ಮ ಎರಡೂ ಕಡೆಯ ಮನೆತನದಲ್ಲಿ ಮೊದಲ ಡಿಗ್ರಿ ನನ್ನದು. ಆ ಮಾತನ್ನು ನಾನು ಇವತ್ತಿಗೂ ದನಿ ತಗ್ಗಿಸಿ ಹೇಳುವುದಿಲ್ಲ. ಯಾರೂ ನನಗೆ ಅದನ್ನು ದಾನ ಕೊಡಲಿಲ್ಲ. ಶ್ವೇತಾ ಹತ್ತನೇ ಕ್ಲಾಸಿನಲ್ಲಿ ಬೇರೆ ಸೆಕ್ಷನ್‌ಗೆ ಹೋದಳು, ಗುಂಪು ಒಡೆಯಿತು, ‘ಸಿಂಪ್ಲಿ ಸುಮಾ’ ಎಂದು ಕೂಗುವವರು ಯಾರೂ ಉಳಿಯಲಿಲ್ಲ. ಸೈಬರ್ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂತು. ಸೈಟನ್ನು ಮುಚ್ಚಿದರು. ಕಂಪ್ಯೂಟರ್‌ನಲ್ಲಿ ನಿಂಗಮ್ಮನ ಹೆಸರಿದ್ದ ಜಾಗ ಅದೊಂದೇ ಆಗಿದ್ದರೆ, ಈಗ ಅದೂ ಇಲ್ಲ.

ಇವೆಲ್ಲ ಹೋಗಲಿ, ಹೋಗುವಂಥವೇ. ಆ ಮಧ್ಯಾಹ್ನದ ನಂತರ ಅಮ್ಮ “ಸುಮಾ, ಬಾರೇ, ಓದಿ ಹೇಳು,” ಎನ್ನುವುದನ್ನು ನಿಲ್ಲಿಸಿದಳು. ಜಗಳವಿಲ್ಲ, ಬೈಗುಳವಿಲ್ಲ. ಕರೆಂಟ್ ಬಿಲ್ಲು ಬಂದರೆ ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ತಿರುವಿನ ಮೆಡಿಕಲ್ ಸ್ಟೋರಿಗೆ ಹೋಗಿ ಓದಿಸಿಕೊಂಡು ಬರುತ್ತಿದ್ದಳು. ವಠಾರದವರು ಕಾಗದ ತಂದರೆ, ಅವಳಿಗೆ ಪರೀಕ್ಷೆ ಇದೆ, ಎಂದು ಬಾಗಿಲಿಂದಲೇ ಕಳಿಸುತ್ತಿದ್ದಳು. ಹೊರಗಿನವರ ಮುಂದೆ ನನ್ನ ಮರ್ಯಾದೆ ಕಾಯ್ದಳು. ಒಳಗೆ ಒಂದು ಚೀಟಿಯನ್ನೂ ನನ್ನ ಕೈಗೆ ಕೊಡಲಿಲ್ಲ.

ಡಿಗ್ರಿ ಸರ್ಟಿಫಿಕೇಟು ಬಂದ ದಿನ ಅದನ್ನು ಅವಳಿಗೆ ಕೊಟ್ಟೆ. ಕೈ ತೊಳೆದು, ಒರೆಸಿಕೊಂಡು, ಎರಡೂ ಬದಿ ನೋಡಿದಳು. ಏನು ಬರೆದಿದೆ ಎಂದು ಕೇಳುತ್ತಾಳೆಂದು ಕಾದೆ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಮುಂದಿಟ್ಟಳು. ಮಾರನೇ ದಿನ ಬೆಳಿಗ್ಗೆ ಕೆಲಸಕ್ಕೆಂದು ಹೊರಟವಳು ಮೆಡಿಕಲ್ ಸ್ಟೋರಿನ ಮುಂದೆ ಅಮ್ಮನ ಬೆನ್ನು ಕಂಡು ನಿಂತೆ. ಅಂಗಡಿಯವರು ಕನ್ನಡಕ ಏರಿಸಿಕೊಂಡು, ಆ ಕವರನ್ನು ಬೆಳಕಿಗೆ ಹಿಡಿದು, ನನ್ನ ಹೆಸರು, ಡಿಗ್ರಿ, ಕ್ಲಾಸು, ಎಲ್ಲವನ್ನೂ ಒಂದೊಂದಾಗಿ ಓದಿ ಹೇಳಿದರು. ಫಸ್ಟ್ ಕ್ಲಾಸ್ ಕಣಮ್ಮ, ಎಂದರು.

ಅಮ್ಮ ಅದನ್ನು ವಾಪಸು ತೆಗೆದುಕೊಳ್ಳಲಿಲ್ಲ.

“ಇನ್ನೊಂದ್ ಸಲ ನೋಡಿ ಸಾರ್,” ಎಂದಳು. “ಅಷ್ಟೇನಾ ಬರ್ದಿರೋದು?”